ಬೆಳಿಗ್ಗೆ ಎಂಟರ ನೀರು

ತುಬಚಿಯ ಹೊಳೆದಂಡೆಯ ಮೇಲೆ ಟ್ರ್ಯಾಕ್ಟರಿನ ಪಕ್ಕ ನಿಂತಿದ್ದೆ. ಕೆಳಗೆ ಮೊಣಕಾಲುದ್ದ ನೀರಿನಲ್ಲಿ ನನ್ನ ಕಾಕಾ ಹೊಲಕ್ಕೆ ನೀರೆತ್ತುವ ಮೋಟರಿನ ನಟ್ಟು ಬಿಚ್ಚುತ್ತಿದ್ದ. ಮೇಲಿನ ಅಣೆಕಟ್ಟಿನಿಂದ ನೀರು ಬಿಡುವ ದಿನಗಳಲ್ಲಿ ಹೊಳೆಯೊಳಗಿನ ಮೋಟರುಗಳನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ದಂಡೆಗೆ ಎಳೆಯುತ್ತಾರೆ. ಎಷ್ಟು ನೀರು ಬಿಟ್ಟಿದ್ದಾರೆಂದು ನೋಡಿಕೊಳ್ಳಲು ನಾನೇ ಊರವರಿಗೆ ಒಂದು ವೆಬ್ ಪುಟ ಮಾಡಿಕೊಟ್ಟಿದ್ದೆ.

"ಕಾಕಾ, ನೀರ ಕೆಂಪಗ ಬರಾಕತ್ತೈತಿ. ಮ್ಯಾಲ ಬಾ."

"ಹೆದರಪುಕ್ಕಾ! ನಿನ್ನ ಪೇಜ್ ನೋಡೇ ಇಳದೇನಲೇ. ಇನ್ನ ಎರಡ ನಟ್ ಅದಾವ."

ಫೋನ್ ತೆರೆದೆ. ನನ್ನ ಪುಟದಲ್ಲಿ ಹಸಿರು ಬಣ್ಣ, ಸಣ್ಣ ಅಂಕಿ. ಅಣೆಕಟ್ಟಿನವರ ಮೂಲ ಪುಟ ಮೂರನೆಯ ಸಲಕ್ಕೆ ತೆರೆಯಿತು. ಅಲ್ಲಿದ್ದದ್ದು ಅದರ ನಾಲ್ಕು ಪಟ್ಟು. ನನ್ನ ಪುಟದ ಅಂಕಿ ಆ ಪಟ್ಟಿಯಲ್ಲಿ ಬೆಳಿಗ್ಗೆ ಎಂಟರದು. ಆಗ ಮಧ್ಯಾಹ್ನ ಒಂದು ಗಂಟೆ.

ನಿಂತಲ್ಲೇ ತಿಳಿಯಿತು. ಪ್ರತಿ ಸಲ ಮೂಲ ಪುಟಕ್ಕೆ ಹೋದರೆ ತಡವೆಂದು, ತಂದದ್ದನ್ನು ಎತ್ತಿಟ್ಟು ಮತ್ತೆ ಕೊಡುವ ಒಂದು ಕ್ಯಾಶ್ ಲೈಬ್ರರಿ ಬಳಸಿದ್ದೆ. ಅದು ಒಮ್ಮೆ ತಂದ ಅಂಕಿಯನ್ನು ಹತ್ತು ನಿಮಿಷದ ಅವಧಿ ಬರೆದು ಡೇಟಾಬೇಸಿನಲ್ಲಿ ಇಡುತ್ತದೆ. ಅವಧಿ ಮುಗಿದ ಸಾಲುಗಳನ್ನು ತಾನಾಗಿ ಅಳಿಸುವುದಿಲ್ಲ. ಅದಕ್ಕೆ ಬೇರೆ ಕೆಲಸ ಹಚ್ಚಬೇಕು. ಆ ಕೆಲಸ ನಡೆಯುವಾಗ ಪುಟ ನಿಧಾನವಾಗುತ್ತದೆಂದು ಜನ ಗೊಣಗಿದ್ದಕ್ಕೆ ಹಿಂದಿನ ದಿನ ನಿಲ್ಲಿಸಿದ್ದೆ. ಅದಕ್ಕೂ ಮೊದಲು ಒಂದು ಜಾಣತನ ಮಾಡಿದ್ದೆ: ಮೂಲ ಸಿಗದಿದ್ದರೆ, ಅವಧಿ ನೋಡದೆ ಹಳೆಯ ಸಾಲನ್ನೇ ತೋರಿಸು ಎಂದು ಬರೆದಿದ್ದೆ. ಎಂಟರ ನಂತರ ಮೂಲ ಸಿಕ್ಕಿರಲಿಲ್ಲ, ಎಂಟರ ಅಂಕಿಯೇ ನಿಂತಿತ್ತು. ಪುಟ ಖಾಲಿ ಕಂಡರೆ ನನಗೆ ಅವಮಾನ. ಖಾಲಿ ಕಂಡಿದ್ದರೆ ಕಾಕಾ ಇಳಿಯುವ ಮೊದಲು ನನ್ನನ್ನು ಕೇಳುತ್ತಿದ್ದ.

"ಕಾಕಾ, ಅದು ಮುಂಜಾನೆದ್ದು! ಎಲ್ಲಾ ಬಿಟ್ಟ ಬಾ!"

ಅವನು ತಲೆ ಎತ್ತುವಷ್ಟರಲ್ಲಿ ನೀರು ಸೊಂಟಕ್ಕೆ ಬಂದಿತ್ತು. ನಟ್ಟು ಬಿಚ್ಚುವ ಪಾನಾ ಕೈಯಿಂದ ಹೋಯಿತು. ಮೋಟರಿಗೆಂದು ಬಿಟ್ಟಿದ್ದ ಹಗ್ಗವನ್ನು ತೋಳಿಗೆ ಸುತ್ತಿಕೊಂಡ. ಟ್ರ್ಯಾಕ್ಟರಿನವನು ಎಳೆದ. ನಡುವೆ ಒಮ್ಮೆ ಕಾಕಾನ ತಲೆ ಕಾಣಲಿಲ್ಲ. ಎಷ್ಟು ಹೊತ್ತಿಗೆ ದಂಡೆಗೆ ಬಂದನೋ ಗೊತ್ತಿಲ್ಲ. ಈಗಲೂ ಊಟಕ್ಕೆ ಕೂತಾಗ, ಬಸ್ಸಿನಲ್ಲಿ ಕೂತಾಗ, ಆ ಕೆಂಪು ನೀರಿನಲ್ಲಿ ಬರೀ ಹಗ್ಗವೇ ಕಾಣುತ್ತದೆ.

ಜಮಖಂಡಿಯ ನನ್ನ ಮನೆಗೆ ಬಂದು ಅಳಿಸುವ ಕೆಲಸ ಮತ್ತೆ ಹಚ್ಚಿದೆ, ಆ ಜಾಣತನ ಕಿತ್ತು ಹಾಕಿದೆ.

ಮರುವಾರ ಕಾಕಾನ ಫೋನ್. "ಲೇ, ನಿನ್ನ ಪೇಜಿನ್ಯಾಗ ಏನೂ ಕಾಣವಲ್ದು. ಖಾಲಿ ಐತಿ."

"ಖಾಲಿ ಇದ್ರ ಹೊಳಿಗಿ ಇಳೀಬ್ಯಾಡ, ಕಾಕಾ."

"ಮೋಟರ್ ಅಂತೂ ಹೋತು. ಇನ್ನೇನ್ ತರಾಕ ಇಳೀಲಿ ಲೇ?" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಈಗ ಎಲ್ಲಿದ್ದೀ ಎಂದು ಕೇಳಿದೆ. "ಮನ್ಯಾಗ" ಅಂದ. ಇನ್ನೊಮ್ಮೆ ಕೇಳಿದೆ.