ಇಲಿಯಕ್ಕನ ತಮ್ಮ

ಔಷಧ ಸಂಶೋಧನಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುತ್ತಿದ್ದ ಆಕೆಯನ್ನು ಎಲ್ಲರೂ ಇಲಿಯಕ್ಕ ಎಂದೇ ಕರೆಯುತ್ತಿದ್ದರು. ಪಂಜರ ತೊಳೆದು, ಹೊಟ್ಟು ಬದಲಿಸಿ, ನೀರಿನ ಬಾಟಲಿ ತುಂಬುವುದು ಅವಳ ಕೆಲಸ. "ನನ್ ಮಕ್ಳು ಊಟಕ್ಕೆ ಯಾವತ್ತೂ ಮುಖ ಸಿಂಡರಿಸಿಲ್ಲ" ಎಂದು ನಗಿಸುತ್ತಿದ್ದಳು.

ಮನೆಯಲ್ಲಿದ್ದವನು ತಮ್ಮ ಒಬ್ಬನೇ. ತಾಯಿ ತೀರಿಕೊಂಡ ಮೇಲೆ ಅವಳೇ ಎತ್ತಿ ಆಡಿಸಿ ಬೆಳೆಸಿದವನು. ಬೈಕ್ ರಿಪೇರಿಯಲ್ಲಿ ಎತ್ತಿದ ಕೈ. ಒಂದು ಸಂಜೆ ಗೆಳೆಯರ ಜೊತೆ ಯಾವುದೋ ಮತ್ತಿನ ಮಾತ್ರೆ ನುಂಗಿದ. ಗೆಳೆಯರು ಮಾರನೆಯ ದಿನ ಎದ್ದು ಕೆಲಸಕ್ಕೆ ಹೋದರು. ಇವನು ಮಾತ್ರ ಮೊದಲಿನಂತಾಗಲಿಲ್ಲ. ಗೋಡೆಯೊಳಗೆ ಯಾರೋ ಮಾತಾಡುತ್ತಾರೆಂದು ಕಿವಿ ಮುಚ್ಚಿ ಕೂರತೊಡಗಿದ.

ಆಮೇಲೊಂದು ವರ್ಷ ಪ್ರಯೋಗಾಲಯದಲ್ಲಿ ಮತ್ತಿನ ಪದಾರ್ಥಗಳ ಪರೀಕ್ಷೆ ಶುರುವಾಯಿತು. ಆ ಮತ್ತಿನ ಸೂಜಿ ಚುಚ್ಚಿಸಿಕೊಂಡ ಇಲಿಗಳು ಮತ್ತೆ ಮತ್ತೆ ತಲೆ ಕೊಡವುತ್ತಿದ್ದವು. ಅದಕ್ಕೆ ಮೊದಲು ಇನ್ನೊಂದು ಮದ್ದು ಪಡೆದವು ಮಾತ್ರ ಅದೇ ಸೂಜಿಯ ನಂತರವೂ ತಣ್ಣಗೆ ಮೀಸೆ ಒರೆಸಿಕೊಳ್ಳುತ್ತಾ ಕೂತಿದ್ದವು. ಇಲಿಯಕ್ಕ ಕೈಲಿದ್ದ ಕೆಲಸ ಬಿಟ್ಟು ಅವನ್ನೇ ನೋಡುತ್ತ ನಿಂತಳು.

ಮರುದಿನ ತಮ್ಮನಿಗೆ ಸ್ನಾನ ಮಾಡಿಸಿ, ಇಸ್ತ್ರಿ ಅಂಗಿ ತೊಡಿಸಿ ಕರೆದುಕೊಂಡೇ ಬಂದಳು. ಪರೀಕ್ಷೆ ನಡೆಸುತ್ತಿದ್ದ ಮೇಡಂ ಬಾಗಿಲಿಗೆ ಬಂದರು.

"ಮೇಡಂ, ಇವ್ನಿಗೂ ಆ ಮದ್ದು ಒಂದ್ಸಲ ಹಾಕಿ. ನಿಮ್ ಕಾಲಿಗೆ ಬೀಳ್ತೀನಿ."

ಮೇಡಂ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ ತಾವೂ ಪಕ್ಕದಲ್ಲೇ ಕೂತರು. "ಅದು ಜನಕ್ಕೆ ಕೊಡೋ ಔಷಧ ಅಲ್ಲಮ್ಮ, ಪರೀಕ್ಷೆಗೆ ಇಟ್ಕೊಂಡಿರೋದು. ಮಿದುಳಲ್ಲಿ ಮತ್ತಿನ ಪದಾರ್ಥ ಹೋಗಿ ಕೂರೋ ಜಾಗ ಅಂತ ಒಂದಿದೆ. ಇದು ಮುಂಚೆನೇ ಹೋಗಿ ಅಲ್ಲಿ ಕೂತ್ಕೊಂಡು ಅದನ್ನ ತಡೆಯುತ್ತೆ, ಅಷ್ಟೇ. ನಿಮ್ ತಮ್ಮನ ಮೈಯಿಂದ ಆ ಮಾತ್ರೆ ಎಂದೋ ಹೋಗಿದೆ. ಉಳಿದಿರೋದು ಕಾಯಿಲೆ."

"ಹಂಗಾದ್ರೆ ಮುಂಚೆನೇ ಬರ್ಬೇಕಿತ್ತಾ?"

ತಮ್ಮ ಅಕ್ಕನ ಸೆರಗು ಜಗ್ಗಿದ. "ನಡಿಯಕ್ಕಾ, ಅವ್ರಿಗೆ ಕೆಲ್ಸ ಇರುತ್ತೆ. ಯಾಕ್ ತೊಂದ್ರೆ ಕೊಡ್ತೀಯಾ?"

ಮೇಡಂ ತಾವೇ ಅವನನ್ನು ಮನೋವೈದ್ಯರೊಬ್ಬರ ಬಳಿ ಕರೆದೊಯ್ದರು. ಅವರು ಕೊಟ್ಟ ಮಾತ್ರೆಗಳಿಂದ ಗೋಡೆಯ ಸದ್ದು ಅಡಗಿತು. ಆದರೆ ಕೈ ನಡುಗಿ ಬೈಕ್ ರಿಪೇರಿಯ ಪಾನಾ ಹಿಡಿಯಲಾಗುತ್ತಿರಲಿಲ್ಲ, ಹಗಲೆಲ್ಲ ನಿದ್ದೆ. ಇಲಿಯಕ್ಕ ಇಲಿಗಳ ಕೋಣೆಯ ಕೆಲಸ ಬೇಡವೆಂದು ಕೇಳಿಕೊಂಡು, ಗಾಜಿನ ಸಾಮಾನು ತೊಳೆಯುವ ಕಡೆಗೆ ಹೋದಳು.

ಒಂದು ದಿನ ಊಟದ ನಡುವೆ ತಮ್ಮ ತಲೆ ಎತ್ತಿದ. "ಅಕ್ಕಾ, ನಾನು ಮೊದ್ಲು ಹೆಂಗಿದ್ದೆ?"

ಹೇಳಲು ಎಷ್ಟೊಂದಿತ್ತು.

"ಚೆನ್ನಾಗಿದ್ದೆ ಕಣೋ" ಎಂದಷ್ಟೇ ಹೇಳಿ, ಅವನ ತಟ್ಟೆಗೆ ಇನ್ನೊಂದಿಷ್ಟು ಅನ್ನ ಬಡಿಸಿದಳು.