ನಲವತ್ತೇಳರ ಹಾಜರಿ

ನಮ್ಮ ಮಾಜಿ ಸೈನಿಕರ ಸಂಘದ ಹಾಜರಿ ಪುಸ್ತಕ ಮೊದಲಿನಿಂದಲೂ ನನ್ನ ಕೈಯಲ್ಲೇ ಇದೆ. ಅದರ ಕೊನೆಯ ಸಾಲಿನಲ್ಲಿ ಬಬಲೇಶ್ವರದ ಒಬ್ಬ ಹುಡುಗಿಯ ಹೆಸರಿದೆ. ಅದನ್ನು ಒಮ್ಮೆ ಕೆಂಪು ಶಾಯಿಯಿಂದ ಹೊಡೆದುಹಾಕಿದವನು ನಾನೇ, ಮತ್ತೆ ನೀಲಿ ಶಾಯಿಯಲ್ಲಿ ಬರೆದವನೂ ನಾನೇ. ಬರೆದಷ್ಟು ಸುಲಭವಾಗಿ ಅವಳು ತಿರುಗಿ ಬರಲಿಲ್ಲ. ಬರಲಿ ಎಂಬ ಆಸೆಯಿಂದಲೇ ಇದನ್ನು ಬರೆಯಲು ಕುಳಿತಿದ್ದೇನೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ತಪ್ಪು ಒಪ್ಪಿಕೊಳ್ಳುವುದಕ್ಕೆ ಅಷ್ಟು ಓದು ಸಾಕು.

ಸಂಘ ಎಂದರೆ ವಿಜಯಪುರದಲ್ಲಿ ಒಂದು ಹಳೆಯ ಕಟ್ಟಡದ ಮಾಳಿಗೆಯ ಮೇಲಿನ ಕೋಣೆ. ಒಂದು ಕಬ್ಬಿಣದ ಕಪಾಟು, ಒಂದು ಬಾವುಟ, ಗೋಡೆಗೆ ಒರಗಿಸಿಟ್ಟ ಮಡಚುವ ಕುರ್ಚಿಗಳು. ತೀರಿಕೊಂಡ ಸೈನಿಕರ ಹೆಂಡಂದಿರ ಕಾಗದಪತ್ರ ಬರೆದುಕೊಡುವುದು, ಆಸ್ಪತ್ರೆಯ ಚೀಟಿ ಮಾಡಿಸಿಕೊಡುವುದು, ಆಗಸ್ಟಿನಲ್ಲಿ ಬಾವುಟ ಏರಿಸುವುದು ನಮ್ಮ ಕೆಲಸ. ಪ್ರತಿ ತಿಂಗಳ ಮೊದಲ ಆದಿತ್ಯವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಸಭೆ ಶುರುವಾಗುವುದು ಪ್ರಾರ್ಥನೆಯಿಂದಲ್ಲ, ಗಿನತಿಯಿಂದ. ಸೈನ್ಯದಲ್ಲಿ ಸಂಜೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೆಸರು ಕೂಗಿ ಹಾಜರಿ ಹಿಡಿಯುವುದಕ್ಕೆ ಗಿನತಿ ಎನ್ನುತ್ತಾರೆ. ಊರಿಗೆ ಬಂದು ಮುದುಕರಾದ ಮೇಲೂ ನಾವು ಅದನ್ನು ಬಿಟ್ಟಿರಲಿಲ್ಲ. ನಾನು ಹೆಸರು ಕೂಗುತ್ತೇನೆ, ಕೂಗಿಸಿಕೊಂಡವನು ಎದ್ದು ನಿಂತು "ಹಾಜಿರ್ ಸಾಬ್" ಎನ್ನುತ್ತಾನೆ. ಮೊಣಕಾಲು ನೋಯುವವರೂ ಆ ಒಂದು ಗಳಿಗೆಗೆ ಏಳುತ್ತಾರೆ.

ಪತ್ರ ಬರೆಯದೆ ಮೂರು ಸಲ ಗೈರುಹಾಜರಾದವರ ಹೆಸರಿನ ಮೇಲೆ ಕೆಂಪು ಗೆರೆ. ಈ ನಿಯಮ ಮಾಡಿದವನು ನಾನು. ಅಂದು ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ವರ್ಷ ಕಳೆದ ಹಾಗೆ ಕುರ್ಚಿಗಳು ಮಡಚಿದಂತೆಯೇ ಉಳಿಯತೊಡಗಿದವು. ಎರಡು ವರ್ಷದ ಹಿಂದೆ ಒಂದು ಸಭೆಯಲ್ಲಿ ನಮ್ಮ ಅಧ್ಯಕ್ಷರಾದ ಸುಬೇದಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು:

"ನಾವೆಲ್ಲಾ ಹ್ವಾದಮ್ಯಾಲ ಈ ಕೋಣಿ ಕೀಲಿ ಯಾರ ಕೈಯಾಗ ಕೊಡೂದು? ಹುಡುಗ್ರನ್ನ ತರ್ರಿ."

"ಹುಡುಗ್ರು ಬರ್ತಾರೇನ್ರಿ? ಚಾಕ್ಕ ಬರ್ತಾರ," ಎಂದು ಹಿಂದಿನಿಂದ ಒಬ್ಬ ಅಂದ.

"ಚಾಕ್ಕ ಬಂದ್ರ ಚಾ ಕೊಡ್ರಿ. ನೀವೂ ಅದಕ್ಕ ಬರ್ತೀರಲ್ಲ."

ಹಾಗೆ ಏಳು ಮಂದಿ ಬಂದರು. ಸೈನಿಕರ ಮಕ್ಕಳು, ಮೊಮ್ಮಕ್ಕಳು. ಅವರನ್ನು ತಯಾರು ಮಾಡುವ ಹೊಣೆ ನನಗೆ ಬಿತ್ತು. ನಾನು ಜಲನಗರದ ಮನೆಯಿಂದ ಆದಿತ್ಯವಾರ ನಸುಕಿನಲ್ಲೇ ಹೊರಟು, ಕಟ್ಟಡದ ಹಿಂದಿನ ಬಯಲಿನಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿ ಸಾವಧಾನ್, ವಿಶ್ರಾಮ್ ಕಲಿಸುತ್ತಿದ್ದೆ. ಕವಾಯತು ಮುಗಿದ ಮೇಲೆ ಅವರು ಕುರ್ಚಿ ಹಾಕಬೇಕು, ಚಹಾ ಹಂಚಬೇಕು, ಕುರ್ಚಿ ಮಡಚಬೇಕು. ಅವರಿಗೆ ಬೇರೆ ಏನಾದರೂ ಕೆಲಸವಿರಬಹುದು ಎಂದು ನನಗೆ ಹೊಳೆಯಲಿಲ್ಲ. ನಮಗೂ ಮೊದಲು ಹಾಗೆಯೇ ಕಲಿಸಿದ್ದರು.

ಆ ಏಳರಲ್ಲಿ ಬಬಲೇಶ್ವರದ ಹುಡುಗಿ ಒಬ್ಬಳು. ಅವಳ ತಂದೆ ಇನ್ನೂ ಗಡಿಯಲ್ಲಿದ್ದಾನೆ. ವಿಜಯಪುರದ ಕಾಲೇಜಿನಲ್ಲಿ ಓದುತ್ತಿದ್ದಳು, ಸ್ಕೂಟರ್ ಮೇಲೆ ಬರುತ್ತಿದ್ದಳು. ಎರಡನೆಯ ವಾರವೇ ಕೇಳಿದಳು:

"ಅಜ್ಜಾರ, ನಾವು ಇಲ್ಲಿ ಸಾಲಾಗಿ ನಿಂತ್ರ ಯಾರಿಗಿ ಆಧಾರ ಆಕ್ಕೈತ್ರಿ?"

"ಮೊದಲ ನೆಟ್ಟಗ ನಿಂದ್ರೂದು ಕಲಿ. ಆಧಾರ ಆಮ್ಯಾಲ," ಎಂದೆ.

ಅವಳ ಅಕ್ಷರ ಚೆನ್ನಾಗಿತ್ತು. ಹಳೆಯ ಹಾಜರಿ ಪುಸ್ತಕದ ಹೊಲಿಗೆ ಬಿಚ್ಚಿದ್ದರಿಂದ ಅದನ್ನು ಹೊಸದಕ್ಕೆ ಇಳಿಸಲು ಅವಳಿಗೆ ಕೊಟ್ಟೆ. ಅವಳು ಬರೆಯುತ್ತ ಬರೆಯುತ್ತ ನಿಂತಳು.

"ಈ ಕೆಂಪು ಗೆರಿ ಮಂದಿ ತೀರಿಕೊಂಡಾರೇನ್ರಿ?"

"ಇಲ್ಲ. ಶಿಸ್ತು ಬಿಟ್ಟಾರ."

"ಯಾರರ ಹೋಗಿ ನೋಡಿ ಬಂದೀರೇನ್ರಿ?"

"ಸಂಘಕ್ಕ ಅವರು ಬರಬೇಕು. ಅವರ ಮನಿಗಿ ಸಂಘ ಹೋಗೂದಿಲ್ಲ."

ಅವಳು ಒಂದು ಹಾಳೆಯ ಮೇಲೆ ಕೆಂಪು ಗೆರೆಯವರ ಊರುಗಳನ್ನು ಬರೆದುಕೊಂಡಳು. ಮುಂದಿನ ಆದಿತ್ಯವಾರ ಕವಾಯತಿಗೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಮೂರನೆಯದೂ ಹೋಯಿತು. ನಾಲ್ಕನೆಯದು ಹೊಸ ತಿಂಗಳ ಮೊದಲ ಆದಿತ್ಯವಾರ, ಸಭೆಯ ದಿನ. ಗಿನತಿ ನಡೆಯುತ್ತಿದ್ದಾಗ ಬಾಗಿಲಲ್ಲಿ ನಿಂತಳು. ಚಪ್ಪಲಿ, ಚೂಡಿದಾರದ ಅಂಚು ಎಲ್ಲ ಧೂಳು. ಕೈಯಲ್ಲಿ ಅದೇ ಹಾಳೆ.

"ಸಾಹೇಬ್ರ, ಕೆಂಪು ಗೆರಿ ಮಂದೀನ್ನ ನೋಡಿ ಬಂದೀನ್ರಿ," ಎಂದು ಸುಬೇದಾರರಿಗೆ ಹೇಳಿ ಓದತೊಡಗಿದಳು. ಕನಮಡಿಯವರಿಗೆ ಕಣ್ಣಿನಲ್ಲಿ ಪೊರೆ, ಒಬ್ಬರೇ ಬಸ್ಸು ಹತ್ತಲಾರರು. ತಿಕೋಟಾದವರಿಗೆ ಕಿವಿ ಕೇಳಿಸುವುದಿಲ್ಲ. ಅವರು ಮೂರೂ ಸಭೆಗೆ ಬಂದಿದ್ದರಂತೆ. ತಮ್ಮ ಹೆಸರು ಕೂಗಿದ್ದು ಕೇಳಿಸದೆ ಕೂತಿದ್ದರಂತೆ, ನಾನು ಗೈರುಹಾಜರಿ ಹಾಕಿದ್ದೆ. ಈಗ ಒಣದ್ರಾಕ್ಷಿಯ ಶೆಡ್ಡಿನ ಮುಂದೆ ಕೂತು ದಿನ ಕಳೆಯುತ್ತಾರೆ, ಸಂಘದ ಮಾತೆತ್ತಿದರೆ ಮುಖ ತಿರುಗಿಸುತ್ತಾರೆ.

ಕೊನೆಗೆ ಮಮದಾಪುರದ ಹೆಸರು ಬಂತು.

"ಮಮದಾಪುರದ ಅಜ್ಜಾರಿಗೆ ಮರವು ಆಗೇತ್ರಿ. ಮನಿ ಮಂದಿ ಗುರುತೂ ಹತ್ತೂದಿಲ್ಲ. ಆದ್ರ ಅವರು ಇನ್ನೂ ಹಾಜರಿ ಕೊಡಾಕತ್ತಾರ್ರಿ. ಸಂಜಿಮುಂದ ಅವರ ಸೊಸಿ ಕುರಿ ಎಣಿಸಿ ದಡ್ಡ್ಯಾಗ ಬಿಡ್ತಾಳ್ರಿ. ಎಣಕಿ ನಲವತ್ತೇಳಕ್ಕ ಬಂತಂದ್ರ ಅಜ್ಜಾರು ಎದ್ದು ನಿಂತು, ಹಾಜಿರ್ ಸಾಬ್ ಅಂತಾರ್ರಿ."

ಕೋಣೆ ನಕ್ಕಿತು. "ಅಂದ್ರ ಈಗ ಕುರಿ ಪಲ್ಟನಿಗೆ ಸೇರ್ಯಾನನ್ರಿ," ಎಂದ ಒಬ್ಬ. ಮತ್ತೂ ನಕ್ಕರು. ನಾನು ನಗಲಿಲ್ಲ. ಪುಸ್ತಕವನ್ನು ಮೇಜಿಗೆ ಬಡಿದೆ.

"ಏ ಹುಡುಗಿ, ಒಬ್ಬ ಸಿಪಾಯೀನ ಕುರಿ ಜೋಡಿ ಎಣಸ್ತಿ ಏನ?"

"ನಾ ಎಣಿಸಿಲ್ರಿ ಅಜ್ಜಾರ. ಅವರ ಎದ್ದು ನಿಂತ್ರು." ಅವಳ ದನಿ ಏರಲಿಲ್ಲ. "ನೀವು ಒಮ್ಮಿ ಬಂದು ಗಿನತಿ ಕೂಗ್ರಿ. ಅವರ ಜೋಡಿ ಇದ್ದವರು ನೀವ ಅಂತ ಅವರ ಮನ್ಯಾಗ ಹೇಳಿದ್ರು. ನನ್ನ ಗಾಡಿ ಮ್ಯಾಲ ಕರ್ಕೊಂಡ ಹೋಗ್ತೀನ್ರಿ."

ನಾನು ಕೆಂಪು ಪೆನ್ನಿನ ಮುಚ್ಚಳ ತೆಗೆದೆ. "ಕವಾಯತಿಗೆ ಮೂರ ಗೈರುಹಾಜರಿ," ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿ ಅವಳ ಹೆಸರಿನ ಮೇಲೆ ಗೆರೆ ಎಳೆದೆ. ಅವಳು ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದಳು. ಉಳಿದ ಆರು ಮಂದಿಯೂ ಎರಡು ತಿಂಗಳಲ್ಲಿ ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಸುಬೇದಾರರು ಕುರ್ಚಿಗಳನ್ನು ತಾವೇ ಮಡಚಿದರು.

ನಾನು ಯಾಕೆ ಹಾಗೆ ಸಿಟ್ಟಾದೆ ಎನ್ನುವುದನ್ನು ಈಗ ಹೇಳಬೇಕು.

ಸೈನ್ಯ ಸೇರಿದಾಗ ನಮ್ಮ ತುಕಡಿಯಲ್ಲಿ ಒಂದೇ ಹೆಸರಿನವರು ಇಬ್ಬರಿದ್ದೆವು. ನಾನೊಬ್ಬ, ಮಮದಾಪುರದವನೊಬ್ಬ. ಗೊಂದಲವಾಗದಿರಲೆಂದು ಕವಾಯತು ಕಲಿಸುವ ಉಸ್ತಾದ ನಮ್ಮನ್ನು ಸೈನ್ಯದ ನಂಬರಿನ ಕೊನೆಯ ಎರಡು ಅಂಕಿಯಿಂದ ಕರೆಯುತ್ತಿದ್ದ. ನಾನು ಹನ್ನೆರಡು, ಅವನು ನಲವತ್ತೇಳು. ಆಮೇಲೆ ಹೆಸರು ಯಾರಿಗೂ ನೆನಪಿರಲಿಲ್ಲ. ಸಂಘದಲ್ಲೂ ನಮ್ಮಿಬ್ಬರನ್ನು ಅಂಕಿಯಿಂದಲೇ ಕೂಗುವುದು.

ತರಬೇತಿಯ ಮೊದಲ ತಿಂಗಳು. ಊರಿನಿಂದ ಬಂದ ಪತ್ರ ಹಿಡಿದುಕೊಂಡು ನಾನು ಅಡುಗೆಮನೆಯ ಹಿಂದೆ ಕೂತು ಅಳುತ್ತಿದ್ದೆ. ಗಿನತಿಯ ಸೀಟಿ ಕೇಳಿಸಲಿಲ್ಲ. ಉಸ್ತಾದ ಹನ್ನೆರಡು ಎಂದು ಕೂಗಿದಾಗ ನಲವತ್ತೇಳು ದನಿ ಬದಲಿಸಿ ನನ್ನ ಪರವಾಗಿ "ಹಾಜಿರ್ ಸಾಬ್" ಎಂದ. ತಲೆ ಎಣಿಸಿದರೆ ಒಂದು ಕಡಿಮೆ. ಸಂಜೆಯಿಡೀ ಅವನನ್ನು ಬೆನ್ನಿಗೆ ಚೀಲ ಕಟ್ಟಿ ಮೈದಾನದಲ್ಲಿ ಓಡಿಸಿದರು. ಅಂಗಾಲು ಕಿತ್ತುಹೋಗಿದ್ದವು. ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ.

"ಸುಳ್ಳ ಎಲ್ಲೈತೋ? ನೀ ಇದ್ದಿ. ಲೈನಿನ್ಯಾಗ ಇರಲಿಲ್ಲ, ಅಷ್ಟ."

ಇಂಥವನ ಹೆಸರನ್ನು ನಾನು ಹೊಡೆದುಹಾಕಿದ್ದೆ. ಅವನು ಸಭೆಗೆ ಬರುವುದು ನಿಂತು ಮೂರನೆಯ ತಿಂಗಳು, ಗೆಳೆಯನೆಂದು ರಿಯಾಯಿತಿ ತೋರಿಸಲಿಲ್ಲ ಎಂದು ನಾಲ್ಕು ಜನ ಹೊಗಳಲಿ ಎಂದು, ಎಲ್ಲರ ಮುಂದೆ ಗೆರೆ ಎಳೆದೆ. ಕೈ ನಡುಗಿತು ಎಂದು ಬರೆದರೆ ಸುಳ್ಳಾಗುತ್ತದೆ. ನಡುಗಲಿಲ್ಲ. ಅವನ ಊರಿಗೆ ಬಸ್ಸಿದೆ, ನಾನು ಹತ್ತಲಿಲ್ಲ. ಅವನೇ ಬಂದು ಕಾರಣ ಹೇಳಲಿ ಎಂದು ಕಾದೆ. ಆ ಹುಡುಗಿ ಕಾರಣ ತಂದು ಮೇಜಿನ ಮೇಲೆ ಇಟ್ಟಾಗ ನನಗೆ ಬಂದದ್ದು ಸಿಟ್ಟಲ್ಲ, ಭಯ. ಅದನ್ನು ಸಿಟ್ಟಿನ ಹಾಗೆ ಕಾಣಿಸಿದೆ.

ಅವಳ ಹಾಳೆ ಪುಸ್ತಕದೊಳಗೇ ಇತ್ತು. ತಿಂಗಳುಗಟ್ಟಲೆ ಬಿಚ್ಚಲಿಲ್ಲ. ಬಿಚ್ಚಿದ ದಿನ ಮಮದಾಪುರದ ಮುಂದೆ ಅವಳ ದುಂಡು ಅಕ್ಷರದಲ್ಲಿ ಹೀಗೆ ಬರೆದಿತ್ತು: "ಸಂಜೆ ಹೋಗಬೇಕು. ಕುರಿ ಬರುವ ಹೊತ್ತಿಗೆ."

ದೀಪಾವಳಿ ಕಳೆದ ಮೇಲೆ ಒಂದು ಗುರುವಾರ ಬಬಲೇಶ್ವರಕ್ಕೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಮಮದಾಪುರದಲ್ಲಿ ಇಳಿದೆ. ಕೆರೆಯ ಏರಿ ದಾಟಿ ಮನೆ ಹುಡುಕಿದೆ. ನಲವತ್ತೇಳು ಅಂಗಳದ ಹೊರಸಿನ ಮೇಲೆ ಕೂತಿದ್ದ. ಗಡ್ಡ ನುಣ್ಣಗೆ ಬೋಳಿಸಿತ್ತು. ನನ್ನನ್ನು ನೋಡಿ ಮರ್ಯಾದೆಯಿಂದ ಕೇಳಿದ:

"ಯಾವೂರ್ರಿ?"

ವಿಜಯಪುರ ಎಂದೆ. "ದೂರ ಆತು," ಎಂದ. ನಾನು ಅವನ ಪಕ್ಕದಲ್ಲಿ ಕೂತೆ.

ಕುರಿ ಬಂದವು. ಅವನ ಸೊಸೆ ದಡ್ಡಿಯ ಬಾಗಿಲಲ್ಲಿ ನಿಂತು ಒಂದೊಂದರ ಬೆನ್ನು ಮುಟ್ಟಿ ಎಣಿಸಿದಳು. ಒಂದು ಎನ್ನುವ ಕಡೆ ಲಾಭ ಎಂದಳು. ಲಾಭ, ಎರಡು, ಮೂರು. ಎಣಿಕೆ ಮೂವತ್ತು ದಾಟಿದಾಗ ನಲವತ್ತೇಳು ಕಾಲು ಜೋಡಿಸಿದ. ಎರಡೂ ಕೈ ತೊಡೆಯ ಮೇಲೆ ಊರಿ ಮುಂದೆ ಬಾಗಿದ. ಮೂವತ್ತೆಂಟು. ಮೂವತ್ತೊಂಬತ್ತು. ಸೊಸೆ ಬಾಗಿಲು ಎಳೆದುಕೊಂಡಳು.

ಅವನು ಬಾಗಿದವನು ಹಾಗೇ ಇದ್ದ. ಸ್ವಲ್ಪ ಹೊತ್ತು ಕಾದು ಮೆಲ್ಲಗೆ ಹಿಂದಕ್ಕೆ ಒರಗಿದ.

"ನಮ್ಮ ಮೈದುನ ಬ್ಯಾರಿ ಆದ್ರರಿ," ಎಂದಳು ಸೊಸೆ. "ಹಬ್ಬದ ಮುಂದ ಕುರಿ ಪಾಲಾದವು. ಈಗ ಎಣಕಿ ಅಲ್ಲೀತನಕ ಹೋಗೂದಿಲ್ರಿ. ಬಬಲೇಶ್ವರದ ಹುಡುಗಿ ಬಂದಾಗ ಮುಂದಿಂದು ಆಕಿ ಎಣಸ್ತಾಳ. ಕುರಿ ಇಲ್ಲದ ಎಣಸ್ತಾಳ್ರಿ. ಮಾವಾರು ಏಳ್ತಾರ."

"ಇನ್ನೂ ಬರ್ತಾಳೇನ?"

"ಆಯಿತವಾರ ತಪ್ಪಿಸಿಲ್ರಿ."

ನಾನೇ ಎಣಿಸಿದರಾಯಿತು ಎಂದುಕೊಂಡೆ. ಎದ್ದು ನಿಂತೆ. ನನಗೆ ಗೊತ್ತಿದ್ದದ್ದು ಮೈದಾನದ ದನಿ ಒಂದೇ. ನಲವತ್ತು ಎಂದು ಕೂಗಿದೆ. ದಡ್ಡಿಯೊಳಗೆ ಕುರಿಗಳು ಒಂದರ ಮೇಲೊಂದು ಬಿದ್ದವು, ನಾಯಿ ಬೊಗಳಿತು. ನಲವತ್ತೊಂದು, ನಲವತ್ತೆರಡು. ಅವನು ಹೊರಸಿನ ಅಂಚು ಹಿಡಿದು ಕುಗ್ಗಿದ.

"ಬೈಬ್ಯಾಡ್ರಿ ಸಾಹೇಬ್ರ," ಎಂದ. "ನಾ ಏನೂ ಮಾಡಿಲ್ರಿ."

ಅಲ್ಲಿಂದ ಮುಂದಕ್ಕೆ ಎಣಿಸಲು ನನ್ನಿಂದ ಆಗಲಿಲ್ಲ. ಸೊಸೆ ಕೊಟ್ಟ ಚಹಾ ಕುಡಿದು ಬಸ್ಸು ಹಿಡಿದೆ.

ಅವತ್ತೇ ಮನೆಗೆ ಬಂದು ಆ ಹುಡುಗಿಯ ಹೆಸರನ್ನು ಪುಸ್ತಕದಲ್ಲಿ ಹೊಸದಾಗಿ ಬರೆದೆ. ಆದಿತ್ಯವಾರ ಮತ್ತೆ ಹೋದೆ. ಓಣಿಯಲ್ಲಿ ಅವಳ ಸ್ಕೂಟರ್ ನಿಂತಿತ್ತು. ಒಳಗೆ ಹೋಗುವ ಧೈರ್ಯ ಸಾಲದೆ ಗೋಡೆಯ ಈಚೆ ನಿಂತೆ. ಸೊಸೆಯ ಎಣಿಕೆ ಮೂವತ್ತೊಂಬತ್ತಕ್ಕೆ ಮುಗಿಯಿತು. ಹುಡುಗಿ ಅಲ್ಲಿಂದ ಎತ್ತಿಕೊಂಡಳು. ಕೂಗಲಿಲ್ಲ. ಸಂತೆಯಿಂದ ತಂದ ನಿಂಬೆಹಣ್ಣು ಎಣಿಸುವವರ ಹಾಗೆ, ಅವಸರವಿಲ್ಲದೆ, ನಲವತ್ತು, ನಲವತ್ತೊಂದು. ನಲವತ್ತೇಳು ಎಂದಾಗ ಹೊರಸು ಕಿರುಗುಟ್ಟಿತು.

"ಹಾಜಿರ್ ಸಾಬ್."

ದನಿ ಸ್ವಲ್ಪವೂ ಮುದಿಯಾಗಿರಲಿಲ್ಲ. ಅಂದು ಹನ್ನೆರಡು ಎಂದು ಕೂಗಿದಾಗ ಅವನು ಹೇಗೆ ಓಗೊಟ್ಟನೋ ನಾನು ಕೇಳಿರಲಿಲ್ಲ, ಅಡುಗೆಮನೆಯ ಹಿಂದೆ ಇದ್ದೆ. ಈಗ ಗೋಡೆಯ ಹಿಂದೆ ನಿಂತು ಕೇಳಿದೆ. ಇನ್ನೊಮ್ಮೆ ಕೇಳಬೇಕೆನಿಸಿತು. ಎಣಿಕೆ ಮುಗಿದಿತ್ತು.

ಅವಳು ಹೊರಗೆ ಬಂದು ನನ್ನನ್ನು ನೋಡಿದಳು. ಬೆಚ್ಚಲಿಲ್ಲ.

"ಬಂದೀರೇನ್ರಿ ಅಜ್ಜಾರ."

"ತಂಗಿ, ತಪ್ಪಾತು ನಂದು. ನಿನ್ನ ಹೆಸರು ಮತ್ತ ಬರದೀನಿ. ಬಾ ಸಂಘಕ್ಕ. ಉಳಿದ ಹುಡುಗ್ರನ್ನೂ ಕರಕೊಂಡ ಬಾ."

ಅವಳು ಗಾಡಿಯ ಕೀಲಿ ಹಾಕುತ್ತ ಕೇಳಿದಳು, "ಇವರ ಹೆಸರು ಬರದೀರೇನ್ರಿ?"

ನಾನು ಬರೆದಿರಲಿಲ್ಲ. ಎರಡು ಸಲ ಅವನ ಊರಿಗೆ ಬಂದಿದ್ದೆ, ಅವನ ಪಕ್ಕದಲ್ಲಿ ಕೂತಿದ್ದೆ, ಅವನ ಹೆಸರನ್ನು ಬರೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ.

"ಮೊದಲ ಇವರದು ಬರೀರಿ. ತಿಕೋಟಾದವರದು, ಕನಮಡಿಯವರದು ಬರೀರಿ. ನಂದು ಕಡೀಕ." ಇಷ್ಟು ಹೇಳಿ ಹೋದಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಹೊಸ ಪುಸ್ತಕ ತಂದು ಎಲ್ಲರನ್ನೂ ಬರೆದೆ. ಕೆಂಪು ಪೆನ್ನು ಮನೆಯಲ್ಲಿ ಎಲ್ಲೋ ಇದೆ. ತಿಕೋಟಾಕ್ಕೆ ಹೋಗಿ ದ್ರಾಕ್ಷಿ ಶೆಡ್ಡಿನ ಮುಂದೆ ಕೂತು ಬಂದೆ. ಆತ ಮೊದಲ ಸಲ ಮುಖ ತಿರುಗಿಸಿದ, ಮೂರನೆಯ ಸಲ ನನ್ನ ಜೊತೆ ಬಸ್ಸು ಹತ್ತಿದ. ಈಗ ಅವನ ಹೆಸರು ಕೂಗುವಾಗ ಪಕ್ಕದವನು ಅವನ ತೋಳು ಮುಟ್ಟುತ್ತಾನೆ. ಕನಮಡಿಯವನ ಕಣ್ಣಿನ ಆಪರೇಷನ್ ಆಯಿತು. ನಲವತ್ತೇಳು ಎಂದು ಕೂಗಿದಾಗ ಎಲ್ಲರೂ ಒಂದು ಗಳಿಗೆ ಸುಮ್ಮನಿರುತ್ತಾರೆ, ನಾನು ಹಾಜರಿ ಹಾಕುತ್ತೇನೆ. ಅವನು ಇದ್ದಾನೆ.

ಆಮೇಲೆ ಆ ಹುಡುಗಿಯ ಹೆಸರು ಕೂಗುತ್ತೇನೆ. ಮೈದಾನದ ದನಿಯಲ್ಲಿ ಅಲ್ಲ. ಕಿಟಕಿಯ ಕೆಳಗೆ ರಸ್ತೆಯಲ್ಲಿ ಸ್ಕೂಟರುಗಳು ಹೋಗುತ್ತಿರುತ್ತವೆ. ಯಾವುದಾದರೂ ಒಂದು ನಿಧಾನವಾದರೆ ನನ್ನ ಕಿವಿ ಮೆಟ್ಟಿಲ ಕಡೆ ಹೋಗುತ್ತದೆ. ಹೋದ ಸಭೆಯಲ್ಲಿ ಸ್ವಲ್ಪ ಹೆಚ್ಚೇ ಕಾದೆನೋ ಏನೋ, ಸುಬೇದಾರರು ಕೆಮ್ಮಿದರು.

"ಮುಂದಿನ ಹೆಸರು ಕೂಗ್ರಿ, ಹವಾಲ್ದಾರ್ರ."

"ಮುಂದ ಯಾರೂ ಇಲ್ರಿ ಸಾಹೇಬ್ರ," ಎಂದೆ. "ಇದ ಕಡೀ ಹೆಸರು."