ಹೊಸ ಗಿರಣಿಯ ಮೊದಲ ರೊಟ್ಟಿ

ಅರವತ್ತರ ದಶಕದಲ್ಲಿ ಹಳಿಯಾಳದ ನಮ್ಮ ಪಕ್ಕದ ಮನೆಯವರು ಹಿಟ್ಟಿನ ಗಿರಣಿಯ ಯಂತ್ರಗಳನ್ನು ತಯಾರಿಸುತ್ತಿದ್ದರು. ಕೆಲಸ ಗಂಡ-ಮಕ್ಕಳದು, ಕಡೆಯ ಮಾತು ಮಾತ್ರ ಆ ಮನೆಯ ಅವ್ವನದು. ಹೊಸ ಯಂತ್ರ ಬೀಸಿದ ಮೊದಲ ಹಿಟ್ಟಿನಲ್ಲಿ ರೊಟ್ಟಿ ಬಡಿದು, ಕೊಳ್ಳಲು ಬಂದವರ ಜೊತೆ ತಾನೂ ಕೂರುತ್ತಿದ್ದಳು. "ಮೊದ್ಲ ನಾವು ತಿಂದು ನೋಡೂಣು" ಎನ್ನುತ್ತಿದ್ದಳು.

ಒಮ್ಮೆ ಮುಂಡಗೋಡದ ಗಿರಾಕಿಯೊಬ್ಬರು ಬಂದಿದ್ದರು. ಎತ್ತು ಹೂಡಿದ ಗಾಡಿ ಬಾಗಿಲಲ್ಲೇ ಕಾದಿತ್ತು. ನಾನು ನಮ್ಮ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ರೊಟ್ಟಿ ಅಗಿಯುತ್ತಿದ್ದ ಅವ್ವ ತಟ್ಟನೆ ನಿಲ್ಲಿಸಿದಳು.

"ಕಲ್ಲಿನ ಪುಡಿ ಬಂದೈತಿ. ಹಲ್ಲಾಗ ಕರಕರ ಅಂತೈತಿ. ಯಂತ್ರ ಗಾಡಿಗೆ ಏರಸಬ್ಯಾಡೋ."

ಹಿರಿಯ ಮಗ ರೇಗಿದ. "ಅವ್ವಾ, ಅವರು ಮುಂಡಗೋಡದಿಂದ ಬಂದಾರ!"

"ಯಾಕ, ಮುಂಡಗೋಡದವ್ರಿಗೆ ಹಲ್ಲಿಲ್ಲೇನು?"

ಗಿರಾಕಿ ಎದ್ದು ಹೊರಗೆ ನಡೆದರು. ವ್ಯಾಪಾರ ಕೆಟ್ಟಿತೆಂದುಕೊಂಡೆ. ಅವರು ಗಾಡಿಯವನಿಗೆ ಹೇಳಿದ್ದು ನಮ್ಮ ಕಟ್ಟೆಗೂ ಕೇಳಿಸಿತು:

"ಎತ್ತು ಬಿಚ್ಚೋ. ಕಲ್ಲು ಸರಿ ಮಾಡ್ಲಿ, ಇನ್ನೊಂದು ರೊಟ್ಟಿ ತಿಂದೇ ಹೋಗೂಣು."